ಕಸಿಯ ಕೆಳಗಿನ ಚಿಗುರು

ಜಮೀಲಾ ಸಂತೆಕಟ್ಟೆಯ ನರ್ಸರಿಗೆ ಬಂದದ್ದು ಜೂನ್ ತಿಂಗಳ ಒಂದು ಸೋಮವಾರ, ಮಳೆ ಸ್ವಲ್ಪ ಬಿಟ್ಟಿದ್ದ ಹೊತ್ತಿನಲ್ಲಿ. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಕಟ್ಟೊಂದಿತ್ತು. ಬಿಚ್ಚಿದರೆ ಒಳಗೆ ಸಂಪಿಗೆಯ ಏಳೆಂಟು ರೆಂಬೆಗಳು. ಎಲೆ ಇನ್ನೂ ಬಾಡಿರಲಿಲ್ಲ.

ನರ್ಸರಿಯ ಯಜಮಾನ ಶಾಹುಲ್ ಹಮೀದನ ಜೊತೆ ಬ್ಯಾರಿ ಭಾಷೆಯಲ್ಲಿ ಮಾತಾಡುತ್ತಿದ್ದವಳು, ರೇಣುಕವ್ವ ಕಸಿ ಚಾಕು ಒರೆಸಿಕೊಳ್ಳುತ್ತ ಹತ್ತಿರ ಬಂದಾಗ ಕನ್ನಡಕ್ಕೆ ತಿರುಗಿದಳು.

"ಇದು ಕಾಪುವಿನ ನಮ್ಮ ಮನೆಯ ಮರದ್ದು. ಇದರಿಂದ ಒಂದು ಗಿಡ ಮಾಡಿ ಕೊಡಬೇಕು. ಆದರೆ ಅದು ಹೋಗುವುದು ಹಿಮ ಬೀಳುವ ಊರಿಗೆ."

"ಆಗುವುದಿಲ್ಲ ಅಂತ ನಾನು ಹೇಳಿ ಆಯಿತು," ಎಂದ ಶಾಹುಲ್. "ಸಂಪಿಗೆ ಒಂದು ರಾತ್ರಿಯ ಹಿಮಕ್ಕೆ ಕರಟಿ ಹೋಗ್ತದೆ. ಇವರು ಕೇಳುವುದಿಲ್ಲ. ನೀನೇ ಹೇಳು, ರೇಣುಕಾ."

ರೇಣುಕವ್ವ ರೆಂಬೆಯೊಂದನ್ನು ಎತ್ತಿ ತಿರುಗಿಸಿ ನೋಡಿದಳು. ಅವಳು ಯಲಬುರ್ಗಾ ಕಡೆಯವಳು. ಗಂಡ ಬಸಯ್ಯ ಮಣಿಪಾಲದ ಕಟ್ಟಡಗಳಲ್ಲಿ ಕಬ್ಬಿಣ ಕಟ್ಟುವ ಕೆಲಸಕ್ಕೆ ಬಂದಾಗ ಜೊತೆಗೆ ಬಂದವಳು, ಹನ್ನೊಂದು ವರ್ಷದಿಂದ ಈ ನರ್ಸರಿಯಲ್ಲೇ ಇದ್ದಾಳೆ. ಮಾವು, ಹಲಸು, ಸಂಪಿಗೆ ಯಾವುದೇ ಇರಲಿ, ಅವಳು ಕಟ್ಟಿದ ಕಸಿ ತಪ್ಪುವುದು ಅಪರೂಪ. ಪೆರ್ಡೂರಿನಿಂದಲೂ ಜನ "ಆ ಹೆಂಗಸು ಕಟ್ಟಿದ ಗಿಡವೇ ಬೇಕು" ಎಂದು ಹುಡುಕಿಕೊಂಡು ಬರುತ್ತಿದ್ದರು. ಆದರೆ ಅವಳು ಕಂಡದ್ದು ಬಿಸಿಲು ಮತ್ತು ಮಳೆ. ಹಿಮವೆಂದರೆ ಅವಳ ಪಾಲಿಗೆ ಕ್ಯಾಲೆಂಡರಿನ ಚಿತ್ರ.

"ಅಲ್ಲಿ ಯಾರದಾರ್ರಿ ನಿಮ್ಮವರು?" ಎಂದು ಕೇಳಿದಳು.

"ನನ್ನ ಗಂಡ," ಎಂದಳು ಜಮೀಲಾ.

ಮೆಲ್ಲಗೆ ವಿಷಯ ಹೊರಬಂತು. ಅವಳ ಗಂಡ ಶೇಕಬ್ಬ ಲಾರಿ ಓಡಿಸುತ್ತಿದ್ದ. ಎಂಟು ವರ್ಷದ ಹಿಂದೆ ಜನವರಿಯಲ್ಲಿ, ಕೋಲ್ಡ್ ಸ್ಟೋರೇಜಿನ ಆಪಲ್ ಲೋಡಿಗೆಂದು ಶಿಮ್ಲಾದಿಂದಲೂ ಆಚೆಗಿನ ಒಂದು ಊರಿಗೆ ಹೋಗಿದ್ದಾಗ ಎದೆನೋವು ಬಂದು ತೀರಿಕೊಂಡ. ಹಿಮ ಬಿದ್ದು ನಾಲ್ಕು ದಿನ ರಸ್ತೆ ಮುಚ್ಚಿತ್ತು. ಅಲ್ಲಿನವರೇ ಗುಡ್ಡದ ಬದಿಯ ಚಿಕ್ಕ ಕಬರಸ್ತಾನದಲ್ಲಿ ಮಣ್ಣು ಮಾಡಿದರು. ಲಾರಿಯಲ್ಲಿ ಜೊತೆಗಿದ್ದವನು ಅಲೆವೂರಿನ ಭೋಜ ಒಬ್ಬನೇ. ಜಮೀಲಾ ಆ ಜಾಗವನ್ನು ನೋಡಿಲ್ಲ. ಭೋಜ ಈಗಲೂ ವರ್ಷಕ್ಕೊಮ್ಮೆ ಆ ಕಡೆ ಲೋಡಿಗೆ ಹೋಗುತ್ತಾನೆ. ಅವಳು ಕೊಟ್ಟ ಅತ್ತರು, ಊದುಬತ್ತಿ ಅಲ್ಲಿಟ್ಟು ಬರುತ್ತಾನೆ.

"ಲಾರಿ ಹತ್ತುವ ಮೊದಲು ನಮ್ಮ ಮರದಿಂದ ನಾಲ್ಕು ಹೂ ಕಿತ್ತು ಸ್ಟೇರಿಂಗಿನ ಮುಂದೆ ಇಡುತ್ತಿದ್ದರು," ಎಂದಳು ಜಮೀಲಾ. "ಅಲ್ಲಿ ಒಂದು ನೆರಳೂ ಇಲ್ಲ ಅಂತ ಭೋಜ ಹೇಳ್ತಾನೆ. ಎಲೆ ಉದುರಿಸುವ ಮರ ಬೇಡ ನನಗೆ. ಚಳಿಯಲ್ಲೂ ಹಸಿರು ಇರಬೇಕು, ಇದೇ ಮರ ಆಗಬೇಕು."

ಶಾಹುಲ್ ತಲೆ ಕೆರೆದುಕೊಂಡ. ಉತ್ತರದ ಗುಡ್ಡಗಾಡಿನಿಂದ ಗುಲಾಬಿ ಗಿಡ ತರಿಸುವ ವ್ಯಾಪಾರಿ ಹಿಂದೊಮ್ಮೆ ಹೇಳಿದ್ದು ಅವನಿಗೆ ನೆನಪಾಯಿತು. ಸಂಪಿಗೆಯ ಮನೆತನಕ್ಕೇ ಸೇರಿದ ಇನ್ನೊಂದು ಮರವಿದೆ, ಹಿಮಚಂಪಾ ಅನ್ನುತ್ತಾರೆ. ದಪ್ಪ ಎಲೆ, ಬೋಗುಣಿಯಷ್ಟು ದೊಡ್ಡ ಬಿಳಿ ಹೂ. ಮೇಲೆ ಹಿಮ ಕೂತರೂ ಎಲೆ ಉದುರುವುದಿಲ್ಲವಂತೆ.

"ಅದನ್ನೇ ಕೊಟ್ಟರೆ ಆಗುವುದಿಲ್ಲವಾ?" ಎಂದ.

"ಅದು ನನ್ನ ಮರ ಅಲ್ವಲ್ಲ," ಎಂದಳು ಜಮೀಲಾ.

ಆಗ ರೇಣುಕವ್ವ ಬಾಯಿ ಹಾಕಿದಳು. "ನಮ್ಮೂರಾಗ ಬಾರಿಹಣ್ಣಿನ ಗಿಡಕ್ಕ, ಕಾಡುಬಾರಿ ಬೇರಿಗೆ ಊರಬಾರಿ ಕಸಿ ಕಟ್ಟತಾರ್ರಿ. ಬರ ಬಂದ್ರೂ ಸಾಯೂದಿಲ್ಲ, ಯಾಕಂದ್ರ ಬೇರು ಗಟ್ಟಿ. ಹಿಮಚಂಪಾ ಬೇರಿಗೆ ಇವರ ಸಂಪಿಗಿ ಕಟ್ಟಿದ್ರ?"

"ಬೇರಿಗೆ ಚಳಿ ತಡೀತದೆ ಮಾರಾಯ್ತಿ. ತಲೆಗೆ?" ಎಂದ ಶಾಹುಲ್.

ಜಮೀಲಾಳ ಮುಖ ಮಾತ್ರ ಆಗಲೇ ಅರಳಿಬಿಟ್ಟಿತ್ತು.

ಹಿಮಚಂಪಾದ ಆರು ಗಿಡಗಳು ಜುಲೈಯಲ್ಲಿ ಬಂದವು. ಎಲೆಯ ಮೇಲ್ಭಾಗ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಅಡಿಯಲ್ಲಿ ಕಂದು ಬಣ್ಣದ ಮೆತ್ತನೆಯ ರೋಮ. ರೇಣುಕವ್ವ ಜಮೀಲಾಳಿಂದ ಹೊಸ ರೆಂಬೆ ತರಿಸಿಕೊಂಡು ಆರಕ್ಕೂ ಕಸಿ ಕಟ್ಟಿದಳು. ನಾಲ್ಕು ಹತ್ತಿದವು. ಸೆಪ್ಟೆಂಬರಿನ ಹೊತ್ತಿಗೆ ಕಂದು ರೋಮದ ಗಿಡದ ತಲೆಯ ಮೇಲೆ ತೆಳು ಹಸಿರಿನ ಸಂಪಿಗೆ ಎಲೆಗಳು ಬಂದವು. ನರ್ಸರಿಗೆ ಬಂದವರೆಲ್ಲ "ಇದೆಂತ ಗಿಡ?" ಎಂದು ಕೇಳಿ ಹೋಗುತ್ತಿದ್ದರು.

ಈಗ ಗಿಡಗಳಿಗೆ ಚಳಿ ತೋರಿಸಿ ಪರೀಕ್ಷಿಸಬೇಕಿತ್ತು. ಉಡುಪಿಯಲ್ಲಿ ಚಳಿ ಎಲ್ಲಿಂದ ತರುವುದು? ಅದಕ್ಕೆ ದಾರಿ ಹುಡುಕಿದವಳು ಜಮೀಲಾ. ಅವಳ ನೆರೆಮನೆಯ ಯೋಗೀಶ್ ಮೀನಿಗೆ ಐಸ್ ಮಾಡುವ ಪ್ಲಾಂಟಿನಲ್ಲಿ ಕೆಲಸಕ್ಕಿದ್ದ. ಐಸಿನ ದಿಮ್ಮಿಗಳನ್ನು ಜೋಡಿಸಿಡುವ ಕೋಣೆಯ ಮೂಲೆಯೊಂದನ್ನು ಅವನು ಬಿಟ್ಟುಕೊಟ್ಟ.

"ಬಂಗುಡೆ, ಬೂತಾಯಿಗೆ ಐಸ್ ಕೊಟ್ಟಿದ್ದೇನೆ. ಗಿಡಕ್ಕೆ ಇದೇ ಮೊದಲು," ಎಂದು ನಕ್ಕ.

ಭಾನುವಾರ ಬಂದರೆ ರೇಣುಕವ್ವ ಬಸ್ಸು ಹಿಡಿದು ಕಾಪುವಿಗೆ ಹೋಗುತ್ತಿದ್ದಳು. ಗಿಡವನ್ನು ಒಮ್ಮೆಲೇ ಚಳಿಗೆ ನೂಕಬಾರದು, ಗೊಬ್ಬರ ನಿಲ್ಲಿಸಿ, ನೀರು ಕಡಿಮೆ ಮಾಡಿ, ಮೆಲ್ಲಗೆ ಗಟ್ಟಿ ಮಾಡಬೇಕು ಎಂದು ಗುಲಾಬಿ ವ್ಯಾಪಾರಿ ಫೋನಿನಲ್ಲಿ ಹೇಳಿದ್ದ. ಕುಂಡದೊಳಗಿನ ಬೇರು ನೆಲದೊಳಗಿನ ಬೇರಿಗಿಂತ ಬೇಗ ಹೆಪ್ಪುಗಟ್ಟುತ್ತದೆ ಎಂದೂ ಎಚ್ಚರಿಸಿದ್ದ. ಹಾಗಾಗಿ ಕುಂಡಗಳಿಗೆ ಹುಲ್ಲು ತುಂಬಿದ ಗೋಣಿ ಸುತ್ತಿ ಮೊದಲು ಬಾಗಿಲ ಹೊರಗೆ ಇಟ್ಟರು, ಆಮೇಲೆ ಬಾಗಿಲ ಒಳಗೆ, ಕೊನೆಗೆ ಡಿಸೆಂಬರಿನಲ್ಲಿ ದಿಮ್ಮಿಗಳ ಪಕ್ಕಕ್ಕೆ. ರೇಣುಕವ್ವ ಎರಡು ಸ್ವೆಟರ್ ಹಾಕಿಕೊಂಡು ಒಳಗೆ ನಿಂತು ನೋಡುತ್ತಿದ್ದಳು. ಉಸಿರು ಹೊಗೆಯಾಗಿ ಬರುತ್ತಿತ್ತು. ಬಾಗಿಲ ಹೊರಗೆ ಬಂದರೆ ಬೆವರು. ಯಾವುದು ನಿಜವಾದ ಕಾಲ ಎಂದೇ ಅವಳಿಗೆ ಗೊತ್ತಾಗುತ್ತಿರಲಿಲ್ಲ.

ಹತ್ತನೆಯ ದಿನ ಸಂಪಿಗೆಯ ಎಲೆಗಳು ನೀರು ಕುಡಿದ ಕಾಗದದಂತೆ ಜೋತುಬಿದ್ದವು. ಹೊರಗೆ ತಂದ ಮೇಲೆ ಒಂದೊಂದಾಗಿ ಕಪ್ಪಾದವು. ಮೂರು ಗಿಡಗಳ ಕಾಂಡವೂ ಮೆತ್ತಗಾಯಿತು. ನಾಲ್ಕನೆಯದು ಬರೀ ಕೋಲಾಗಿ ನಿಂತಿತು.

"ಇದು ಸತ್ತಿದೆಯಾ, ನಿದ್ದೆ ಮಾಡ್ತಿದೆಯಾ?" ಎಂದು ಜಮೀಲಾ ಕೇಳಿದಳು.

"ನನಗೂ ತಿಳೀವಲ್ದ್ರಿ ಅಕ್ಕಾ," ಎಂದಳು ರೇಣುಕವ್ವ. ಹನ್ನೊಂದು ವರ್ಷದಲ್ಲಿ ಗಿಡದ ಬಗ್ಗೆ ಅವಳು ಹೀಗೆ ಹೇಳಿದ್ದು ಅದೇ ಮೊದಲು.

ಆ ಕೋಲನ್ನು ಜಮೀಲಾ ತನ್ನ ಅಂಗಳದಲ್ಲಿ ಇಟ್ಟುಕೊಂಡಳು. ಫೆಬ್ರವರಿಯ ಒಂದು ಬೆಳಿಗ್ಗೆ ಅವಳ ಫೋನು ಬಂತು. "ರೇಣುಕಾ, ಚಿಗುರಿತು! ಬಾ, ಬೇಗ ಬಾ!"

ರೇಣುಕವ್ವ ಹೋದಾಗ ಅಂಗಳದಲ್ಲಿ ಅಕ್ಕಪಕ್ಕದವರು ನೆರೆದಿದ್ದರು. ಯೋಗೀಶನ ಕೈಯಲ್ಲಿ ಆಗಲೇ ಹಲ್ವದ ತುಂಡಿತ್ತು. "ನಮ್ಮ ಮರ ಐಸಿನಲ್ಲಿ ಬದುಕಿತು," ಎಂದು ಜಮೀಲಾ ಎಲ್ಲರಿಗೂ ಹೇಳುತ್ತಿದ್ದಳು. ರೇಣುಕವ್ವ ಬಗ್ಗಿ ನೋಡಿದಳು. ಚಿಗುರು ಬಂದದ್ದು ನಿಜ. ಅದರ ತುದಿಯಲ್ಲಿ ಕಂದು ರೋಮವಿತ್ತು. ಕಸಿಯ ಟೇಪಿಗಿಂತ ಎರಡು ಬೆರಳು ಕೆಳಗೆ ಅದು ಹುಟ್ಟಿತ್ತು.

ಸಂಪಿಗೆ ಸತ್ತಿತ್ತು. ಬದುಕಿದ್ದು ಹಿಮಚಂಪಾ.

ಹೇಳಬೇಕೆಂದು ಬಾಯಿ ತೆರೆದಳು. ಜಮೀಲಾ ಅವಳ ಬಾಯಿಗೆ ಹಲ್ವ ಇಟ್ಟುಬಿಟ್ಟಳು.

ವಾಪಸು ಬಂದವಳು ಎರಡು ದಿನ ಕೆಲಸದಲ್ಲಿ ಎಡವಟ್ಟು ಮಾಡಿದಳು. ದಾಸವಾಳದ ಗಿಡಗಳಿಗೆ ಗುಲಾಬಿಯ ಚೀಟಿ ಕಟ್ಟಿದಳು. ಕೊನೆಗೆ ಶಾಹುಲ್‌ಗೆ ಎಲ್ಲ ಹೇಳಿದಳು.

"ಹೇಳಿಬಿಡು," ಎಂದ ಅವನು. ಸ್ವಲ್ಪ ಹೊತ್ತಿನ ಮೇಲೆ, "ಅಲ್ಲ, ಹೇಳಬೇಡ. ಎರಡೂ ಒಂದೇ ಮನೆತನದ್ದು ಅಲ್ವಾ? ಅಲ್ಲಿ ಬೆಳೆಯುವುದು ಅದೇ. ಅವರಿಗೆ ಸಮಾಧಾನ ಉಂಟು." ಸಂಜೆ ಗೇಟು ಹಾಕುವಾಗ ಮತ್ತೆ ಬಂದ. "ನಾಳೆ ಹೂ ಬಿಟ್ಟರೆ? ಬೋಗುಣಿಯಷ್ಟು ದೊಡ್ಡ ಬಿಳಿ ಹೂ ಬಿಟ್ಟರೆ ಎಂತ ಹೇಳುವುದು? ನನಗೂ ಗೊತ್ತಾಗುವುದಿಲ್ಲ ಮಾರಾಯ್ತಿ."

ಮಾರ್ಚಿನಲ್ಲಿ ಭೋಜನಿಗೆ ಆ ಕಡೆಯ ಲೋಡು ಸಿಕ್ಕಿತು. ನೆಡುವುದಕ್ಕೂ ಅದೇ ಸಮಯ. ಹಿಮ ಕರಗಿದ ಮೇಲೆ ನೆಟ್ಟರೆ ಮುಂದಿನ ಚಳಿಗಾಲದೊಳಗೆ ಬೇರು ನೆಲ ಹಿಡಿಯುತ್ತದೆ. ಜಮೀಲಾ ಹಿಂದಿನ ದಿನವೇ ಗಿಡವನ್ನು ಕಟ್ಟಿಸಲೆಂದು ನರ್ಸರಿಗೆ ಕಳಿಸಿದ್ದಳು. ಹೊರಡುವ ಮೊದಲು ಒಮ್ಮೆ ತನ್ನ ಮನೆಗೆ ತಂದು ತೋರಿಸಿ ಹೋಗಬೇಕೆಂದು ಭೋಜನಿಂದ ಮಾತು ತೆಗೆದುಕೊಂಡಿದ್ದಳು.

ಭೋಜ ಐವತ್ತೈದರ, ಕಡಿಮೆ ಮಾತಿನ ಮನುಷ್ಯ. ಗಿಡಕ್ಕೆ ಗೋಣಿ ಸುತ್ತುತ್ತ ರೇಣುಕವ್ವ ಅವನಿಗೆ ನೆಡುವ ಕ್ರಮ ಹೇಳತೊಡಗಿದಳು. ಗಾಳಿ ನೇರ ಹೊಡೆಯಬಾರದು, ಗೋಡೆ ಇದ್ದರೆ ಅದರ ಮರೆಯಲ್ಲಿ ನೆಡಬೇಕು. ಬುಡಕ್ಕೆ ಒಣಗಿದ ಎಲೆ ಒಂದು ಗೇಣು ಹಾಕಬೇಕು. ಮೊದಲ ಎರಡು ಮೂರು ಚಳಿಗಾಲ ಗೋಣಿ ಸುತ್ತಬೇಕು. ಎಲೆಯ ಮೇಲೆ ಹೆಪ್ಪುಗಟ್ಟಿದ ಹಿಮವನ್ನು ಜಗ್ಗಿ ತೆಗೆಯಬಾರದು.

"ಗೋರಿ ಹತ್ರ ಗೋಡಿ ಐತೇನ್ರಿ?" ಎಂದು ಕೇಳಿದಳು.

"ಉಂಟು. ಬಲಗಡೆ."

"ಬಿಸಿಲು ಯಾವ ಕಡಿಂದ?"

"ಗೋಡೆಯ ಕಡೆಯಿಂದ... ಅಲ್ಲ. ಒಣಗಿ ನಿಂತ ದೇವದಾರು ಮರದ ಕಡೆಯಿಂದ."

"ದೇವದಾರು ಎಷ್ಟು ದೂರ?"

"ಹತ್ತಿರವೇ. ಹತ್ತಿರ ಅಂದರೆ, ಒಂದರಿಂದ ಹತ್ತಿರ, ಇನ್ನೊಂದರಿಂದ ಸ್ವಲ್ಪ ದೂರ."

ರೇಣುಕವ್ವ ಗೋಣಿದಾರ ಕೈಬಿಟ್ಟಳು. "ಇನ್ನೊಂದರಿಂದ ಅಂದ್ರ?"

ಭೋಜ ಅಲ್ಲೇ ಕುಂಡಗಳ ನಡುವೆ ಕೂತುಬಿಟ್ಟ. ಎಂಟು ವರ್ಷ ಯಾರಿಗೂ ಹೇಳದ್ದನ್ನು ಹೆಸರೂ ಸರಿಯಾಗಿ ಗೊತ್ತಿಲ್ಲದ ಆ ಹೆಂಗಸಿಗೆ ಹೇಳಿದ. ಶೇಕಬ್ಬನನ್ನು ಮಣ್ಣು ಮಾಡಿದ ದಿನವೇ ಪಕ್ಕದಲ್ಲಿ ಇನ್ನೊಬ್ಬನನ್ನೂ ಮಣ್ಣು ಮಾಡಿದ್ದರು. ಕಾಶ್ಮೀರದಿಂದ ಮೂಟೆ ಹೊರಲು ಬಂದಿದ್ದ ಕೂಲಿಯವ. ಹಿಮ ಸುರಿಯುತ್ತಿತ್ತು, ಭೋಜನಿಗೆ ಜ್ವರ ಬೇರೆ. ಎರಡೂ ಗೋರಿಗೆ ಮರದ ಹಲಗೆ ನೆಟ್ಟಿದ್ದರು. ಜೂನ್‌ನಲ್ಲಿ ಅವನು ಮತ್ತೆ ಹೋದಾಗ ಹಲಗೆಗಳು ಇರಲಿಲ್ಲ. ಅಲ್ಲಿನವರನ್ನು ಕೇಳಿದರೆ ಒಬ್ಬ ಇದು ಎಂದ, ಇನ್ನೊಬ್ಬ ಅದು ಎಂದ. ಜಮೀಲಾಳಿಗೆ ಫೋಟೋ ಕಳಿಸಬೇಕಿತ್ತು. ಭೋಜ ಒಂದರ ಮೇಲೆ ಕಲ್ಲಿಟ್ಟ.

"ಅಂದಿನಿಂದ ಅದಕ್ಕೇ ಊದುಬತ್ತಿ ಹಚ್ತೇನೆ," ಎಂದ. "ಶೇಕಬ್ಬಣ್ಣ ಅದರಲ್ಲಿದ್ದಾನೋ ಇಲ್ಲವೋ, ದೇವರಾಣೆ, ಗೊತ್ತಿಲ್ಲ."

ರೇಣುಕವ್ವ ಗಿಡವನ್ನು ನೋಡಿದಳು. ತಾನು ಕಳಿಸುತ್ತಿರುವುದು ಬೇರೆ ಗಿಡ, ಅದು ಹೋಗುತ್ತಿರುವುದು ಬೇರೆಯವನ ಗೋರಿಗೆ ಇರಬಹುದು. ಮೆಲ್ಲಗೆ ತನ್ನ ಗುಟ್ಟನ್ನೂ ಹೇಳಿದಳು. ಹೆದ್ದಾರಿಯ ಲಾರಿಗಳ ಹಾರ್ನ್ ಕೇಳುತ್ತಿತ್ತು.

"ನಿಮಗ ಗೊತ್ತಿಲ್ಲ, ಹಂಗಾಗಿ ಹೇಳಲಿಲ್ಲ," ಎಂದಳು ರೇಣುಕವ್ವ ಕೊನೆಗೆ. "ನನಗ ಗೊತ್ತಿದ್ದೂ ಹೇಳಲಿಲ್ಲ. ನಾ ಇವತ್ತು ಹೇಳತೀನ್ರಿ. ನಿಮ್ಮದು ನೀವು ನೋಡ್ಕೊಳ್ರಿ."

ಅವಳು ಗಿಡದ ಜೊತೆ ಲಾರಿಯಲ್ಲೇ ಕಾಪುವಿಗೆ ಹೋದಳು. ಜಮೀಲಾ ಅಂಗಳದಲ್ಲಿ ಕಾಯುತ್ತಿದ್ದಳು, ಒಳ್ಳೆಯ ಸೀರೆ ಉಟ್ಟಿದ್ದಳು. ರೇಣುಕವ್ವ ಗಿಡ ಕೆಳಗಿಳಿಸಿ, ಗೋಣಿ ಬಿಚ್ಚಿ, ಒಣಗಿದ ಕೋಲನ್ನೂ ಅದರ ಕೆಳಗಿನ ಚಿಗುರನ್ನೂ ತೋರಿಸಿದಳು.

"ಅಕ್ಕಾ, ಇದು ನಿಮ್ಮ ಮರದ ಚಿಗುರಲ್ಲ. ನಿಮ್ಮದು ಐಸಿನಾಗ ಸತ್ತೈತಿ. ಇದು ಬೇರಿಂದ ಬಂದದ್ದು, ಆ ಹಿಮಚಂಪಾದ್ದು. ಅವತ್ತೇ ಗೊತ್ತಿತ್ತು. ಬಾಯಿ ಬರಲಿಲ್ಲ."

ಜಮೀಲಾ ಅಂಗಳದ ಸಂಪಿಗೆಯಿಂದ ಒಂದು ಎಲೆ ಕಿತ್ತು ತಂದು ಚಿಗುರಿನ ಎಲೆಯ ಪಕ್ಕ ಹಿಡಿದಳು. ಒಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. ಮುಖ ಕೆಂಪಾಯಿತು.

"ಇಡೀ ಓಣಿಗೆ ಹಲ್ವ ಹಂಚಿದೆನಲ್ಲ! ನೀನು ನಿಂತು ತಿಂದೆಯಲ್ಲ!" ಎಂದಳು. ಆಮೇಲೆ ಭೋಜನ ಕಡೆ ತಿರುಗಿ, "ನಿನಗೂ ಗೊತ್ತಿತ್ತಾ?"

"ಇಲ್ಲ ಜಮೀಲಕ್ಕ. ನನ್ನದು ಬೇರೆ ಉಂಟು," ಎಂದ ಭೋಜ. ತಲೆ ತಗ್ಗಿಸಿಕೊಂಡು, ನಿಂತಲ್ಲೇ, ಎಲ್ಲವನ್ನೂ ಹೇಳಿದ.

ಜಮೀಲಾ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳು.

ಇಬ್ಬರಿಗೂ ಹೋಗಬೇಕೋ ಇರಬೇಕೋ ತಿಳಿಯಲಿಲ್ಲ. ಗಿಡವನ್ನು ಲಾರಿಗೆ ಹತ್ತಿಸಬೇಕೋ, ಅಲ್ಲೇ ಬಿಡಬೇಕೋ ಅದೂ ತಿಳಿಯಲಿಲ್ಲ. ಭೋಜ ಎರಡು ಸಲ ಗೇಟಿನವರೆಗೆ ಹೋಗಿ ಬಂದ. ರೇಣುಕವ್ವ ಬಿಸಿಲು ಬೀಳದ ಹಾಗೆ ಗಿಡವನ್ನು ಪಕ್ಕಕ್ಕೆ ಸರಿಸಿದಳು. ಅರ್ಧ ಗಂಟೆ ಕಳೆಯಿತು.

ಬಾಗಿಲು ತೆರೆಯಿತು. ಜಮೀಲಾಳ ಕಣ್ಣು ಊದಿಕೊಂಡಿತ್ತು. ಚಪ್ಪಲಿ ಹಾಕಿಕೊಂಡು ಅಂಗಳಕ್ಕಿಳಿದು ಬಂದು ಭೋಜನನ್ನು ಕೇಳಿದಳು: "ಎರಡರ ನಡುವೆ ಎಷ್ಟು ದೂರ ಉಂಟು? ಇಲ್ಲಿ ತೋರಿಸು."

ಭೋಜ ಗಾಬರಿಯಿಂದ ನೆಲ ನೋಡಿದ. ಕೋಲಿನಿಂದ ಒಂದು ಗೆರೆ ಎಳೆದ, ಎರಡು ಹೆಜ್ಜೆ ಆಚೆ ಇನ್ನೊಂದು ಎಳೆದ. ಮತ್ತೆ ಅಳಿಸಿ ಸ್ವಲ್ಪ ದೂರಕ್ಕೆ ಎಳೆದ. "ಇಷ್ಟು. ಐದಡಿ ಇರಬಹುದು."

ಜಮೀಲಾ ಎರಡು ಗೆರೆಗಳ ನಡುವೆ ಹೋಗಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಈ ಗಿಡ ದೊಡ್ಡದಾದರೆ ಎಷ್ಟು ಅಗಲ ನೆರಳು ಕೊಡ್ತದೆ?"

"ಇಪ್ಪತ್ತಡಿ ಮೀರ್ತೈತ್ರಿ," ಎಂದಳು ರೇಣುಕವ್ವ. "ಬದುಕಿದ್ರ."

"ಹಾಗಾದರೆ ಸಾಕಾಗ್ತದೆ. ನಡುವೆ ನೆಡು, ಭೋಜ. ಆ ಕಲ್ಲನ್ನೂ ನಡುವಿಗೇ ಸರಿಸು." ಮತ್ತೆ ಕೇಳಿದಳು, "ಆ ಇನ್ನೊಬ್ಬರ ಹೆಸರೆಂತ?"

ಭೋಜ ನೆಲದ ಗೆರೆಯನ್ನೇ ನೋಡಿದ.

"ಎಂಟು ವರ್ಷ ನಾನು ಆ ಫೋಟೋ ನೋಡಿ ಕುರ್‌ಆನಿನ ಯಾಸೀನ್ ಓದುವಾಗ ಅವರ ಮೇಲಿನ ಕಲ್ಲಿಗೇ ಓದಿದ್ದೇನೋ ಏನೋ. ಹೆಸರೂ ಕೇಳಲಿಲ್ಲವಾ ನೀನು? ಈ ಸಲ ಕೇಳಿಕೊಂಡು ಬಾ." ಆಮೇಲೆ ರೇಣುಕವ್ವನ ಕಡೆ ನೋಡದೆ, "ಗೋಣಿ ಗಟ್ಟಿ ಕಟ್ಟು. ದಾರಿ ದೂರ," ಎಂದಳು. ಅವಳ ಸಿಟ್ಟು ಇಳಿದಿತ್ತೋ ಇಲ್ಲವೋ ರೇಣುಕವ್ವನಿಗೆ ಅರ್ಥವಾಗಲಿಲ್ಲ.

ಭೋಜ ಏಪ್ರಿಲ್ ಮೊದಲ ವಾರದಲ್ಲಿ ಗಿಡ ನೆಟ್ಟ. ಪಕ್ಕದಲ್ಲೇ ಚಹಾದಂಗಡಿ ಇಟ್ಟಿದ್ದ ಖುರ್ಷಿದ್ ಎಂಬವನು ನೀರು ಹಾಕಲು ಒಪ್ಪಿದ. ಕೂಲಿಯವನ ಹೆಸರು ಸಿಗಲು ಮಾತ್ರ ತಿಂಗಳುಗಳೇ ಹಿಡಿದವು. ಅವನ ಜೊತೆ ಮೂಟೆ ಹೊತ್ತಿದ್ದವರು ಯಾರೂ ಈಗ ಅಲ್ಲಿರಲಿಲ್ಲ. ಅಕ್ಟೋಬರಿನಲ್ಲಿ ಹೊಸ ಕೂಲಿಯವರ ತಂಡ ಬಂದಾಗ ಒಬ್ಬ ಮುದುಕ ಖುರ್ಷಿದ್‌ಗೆ ಹೇಳಿದ: ಗುಲಾಮ್ ನಬಿ. ಕುಪ್ವಾರದ ಕಡೆಯವನು. ಹೆಂಡತಿ ಹಾಜ್ರಾ ಇದ್ದಾಳೆ. ಜಮೀಲಾ ತನ್ನ ನಂಬರನ್ನು ಆ ಮುದುಕನ ಮೂಲಕ ಅವಳಿಗೆ ತಲುಪಿಸಲು ಹೇಳಿದಳು.

ಆ ಚಳಿಗಾಲ ಪೂರ್ತಿ ಖುರ್ಷಿದ್‌ನ ಫೋಟೋಗಳು ಬರುತ್ತಿದ್ದವು, ಜಮೀಲಾ ಅವುಗಳನ್ನು ರೇಣುಕವ್ವನಿಗೆ ಕಳಿಸುತ್ತಿದ್ದಳು. ಜೊತೆಗೆ ಮಾತಿಲ್ಲ, ಬರೀ ಫೋಟೋ. ಜನವರಿಯಲ್ಲೊಂದು ದಿನ ಮಾತ್ರ ಅವಳೇ ಫೋನು ಮಾಡಿದಳು. ಒಂಬತ್ತು ತಿಂಗಳ ನಂತರ ಅದೇ ಮೊದಲು.

"ಎಲೆಯ ಅಡಿ ಪೂರ್ತಿ ಕಂದಾಗಿದೆ. ಸುಟ್ಟು ಹೋಯಿತಾ?"

"ಇಲ್ರಿ ಅಕ್ಕಾ, ಅದರ ಬಣ್ಣಾನ ಅದು. ಅಂಚು ನೋಡ್ರಿ, ಅಂಚು ಸ್ವಲ್ಪ ಸುಟ್ಟೈತಿ. ಗೋಣಿ ಒಂದು ಕಡಿ ಜಾರೇತಿ, ಗಾಳಿ ಹೊಡದೈತಿ. ಕಟ್ಟಾಕ ಹೇಳ್ರಿ."

"ನೀನೇ ಹೇಳು ಅವನಿಗೆ. ನನ್ನ ಹಿಂದಿ ಅವನಿಗೆ ಅರ್ಥ ಆಗುವುದಿಲ್ಲ."

ರೇಣುಕವ್ವನ ಹಿಂದಿ ಇನ್ನೂ ಕೆಟ್ಟದಾಗಿತ್ತು. ಆದರೂ ವಿಡಿಯೋ ಕಾಲಿನಲ್ಲಿ ಕೈಸನ್ನೆ ಮಾಡಿ ಗೋಣಿ ಕಟ್ಟಿಸಿದಳು. ಖುರ್ಷಿದ್ ಹಿಮವನ್ನು ಕೈಯಿಂದ ಬಡಿಯಲು ಹೋದಾಗ ಕಿರುಚಿ ನಿಲ್ಲಿಸಿದಳು. ನರ್ಸರಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು.

ಏಪ್ರಿಲಿನಲ್ಲಿ ಗಿಡದ ತುದಿಯಲ್ಲಿ ಮೂರು ಹೊಸ ಎಲೆ ಬಂದವು. ಆ ಭಾನುವಾರ ಜಮೀಲಾ ಅವಳನ್ನು ಕಾಪುವಿಗೆ ಊಟಕ್ಕೆ ಕರೆದಳು. ಊಟ ಮುಗಿದು ಕೈ ತೊಳೆಯುವಾಗ ಜಮೀಲಾಳಿಗೆ ಫೋನು ಬಂತು. ಪರಿಚಯವಿಲ್ಲದ ನಂಬರು. ಆ ಕಡೆ ಒಂದು ಹೆಂಗಸಿನ ದನಿ. ಅದರಲ್ಲಿ ಜಮೀಲಾಳಿಗೆ ತಿಳಿದದ್ದು "ಹಾಜ್ರಾ" ಎಂಬ ಒಂದೇ ಮಾತು.

ಹಾಜ್ರಾ ಕಾಶ್ಮೀರಿಯಲ್ಲಿ ಮಾತಾಡಿದಳು. ಜಮೀಲಾ ಮೊದಲು ಹರಕು ಹಿಂದಿಯಲ್ಲಿ, ಆಮೇಲೆ ಬ್ಯಾರಿಯಲ್ಲೇ ಮಾತಾಡಿದಳು. ಮರದ ಬಗ್ಗೆ ಹೇಳಿದಳು, ಕಲ್ಲಿನ ಬಗ್ಗೆ ಹೇಳಿದಳು. ಆ ಕಡೆಯಿಂದ ಏನೋ ಪ್ರಶ್ನೆ ಬಂತು, ಜಮೀಲಾ ಅರ್ಥವಾಗದೆ "ಹೌದು, ಹೌದು" ಎಂದಳು. ಮತ್ತೆ ಅದೇ ಪ್ರಶ್ನೆ ಬಂತು. ಅವಳು ಸಹಾಯಕ್ಕಾಗಿ ರೇಣುಕವ್ವನನ್ನು ನೋಡಿದಳು. ರೇಣುಕವ್ವ ತನಗೂ ತಿಳಿಯದು ಎಂದು ತಲೆಯಾಡಿಸಿದಳು. ಆ ಕಡೆಯ ಹೆಂಗಸು ನಕ್ಕಂತೆ ಕೇಳಿಸಿತು, ಇಲ್ಲವೇ ಅತ್ತಂತೆ. ಜಮೀಲಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಜಗಲಿಯ ಮೇಲೆ ಸರಿಯಾಗಿ ಕೂತು, ಮಾತು ಮುಂದುವರಿಸಿದಳು.